ಎಳೆದು ತಂದ ಮಿಲಿಟರಿ ಲಾರಿ

ಮೊನ್ನೆ ಗ್ರಂಥಾಲಯದಲ್ಲಿ ನಾನು ಶಿಳ್ಳೆ ಹಾಕಿಬಿಟ್ಟೆ.

ಬೇಕೆಂದು ಹಾಕಿದ್ದಲ್ಲ. ದಿನಾ ಬೆಳಿಗ್ಗೆ ಬಂದು ಪತ್ರಿಕೆ ಓದುವ ಹಿರಿಯರೊಬ್ಬರು ಅವತ್ತಿನ ಪತ್ರಿಕೆಯನ್ನೇ ಮಡಚಿ ಕಂಕುಳಲ್ಲಿಟ್ಟುಕೊಂಡು, ಮರೆವಿನಿಂದಲೋ ಜಾಣತನದಿಂದಲೋ, ಬಾಗಿಲು ದಾಟುತ್ತಿದ್ದರು. ಕೂಗುವಂತಿಲ್ಲ; ನನ್ನ ತಲೆಯ ಮೇಲೆಯೇ 'ನಿಶ್ಶಬ್ದವಾಗಿರಿ' ಎಂಬ ಬೋರ್ಡು ತೂಗುತ್ತಿದೆ. ಎದ್ದು ಓಡೋಣವೆಂದರೆ ಸೀರೆಯ ಅಂಚು ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿದೆ. ಅಷ್ಟರಲ್ಲಿ ನಾಲಿಗೆ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಕೆಲಸ ಮುಗಿಸಿತ್ತು. ಹಿರಿಯರು ನಿಂತರು. ಅವರೊಬ್ಬರೇ ಅಲ್ಲ, ಹೊರಗೆ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದವನೂ ಕಾಲೂರಿ ನಿಂತ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರು ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವಿವರಿಸುವುದಿಲ್ಲ.

ಐವತ್ತು ದಾಟಿದ ಹೆಂಗಸು, ಹೊಳಲ್ಕೆರೆಯಂಥ ಊರಲ್ಲಿ, ಪುಸ್ತಕಗಳ ನಡುವೆ ಕೂತು ಶಿಳ್ಳೆ ಹಾಕುವುದು ಒಳ್ಳೆಯ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಇದು ನನ್ನ ತವರಿನ ಆಸ್ತಿ. ನಮ್ಮದು ಮತ್ತೋಡಿನ ಹತ್ತಿರದ ಒಂದು ಹಟ್ಟಿ. ಕುರಿ ಸಾಕುವ ಮನೆ. ನಮ್ಮ ಹಟ್ಟಿಯ ಮಕ್ಕಳಿಗೆ ಮಾತು ಬರುವುದಕ್ಕೂ ಶಿಳ್ಳೆ ಬರುವುದಕ್ಕೂ ಹೆಚ್ಚು ಅಂತರವಿರುತ್ತಿರಲಿಲ್ಲ. ಹುಡುಗಿ ಶಿಳ್ಳೆ ಹಾಕಿದರೆ ಮನೆಗೆ ಕೇಡು ಎಂದು ನಮ್ಮಪ್ಪ ಒಮ್ಮೆ ಗದರಿದ್ದರು. ಅವ್ವ ರೊಟ್ಟಿ ತಟ್ಟುತ್ತಾ ತಲೆಯೆತ್ತದೆ ಹೇಳಿದ್ದಳು: "ಕುರಿಗೆ ಅದು ಗಂಡಿನ ಶಿಳ್ಳೆ, ಇದು ಹೆಣ್ಣಿನ ಶಿಳ್ಳೆ ಅಂತ ಗೊತ್ತಾಗಲ್ಲ. ಗೊತ್ತಾಗೋ ನೀವು ಹೋಗಿ ಕುರಿ ತಿರುವಿಕಂಡು ಬರ್ರಿ." ಅಪ್ಪ ಮತ್ತೆ ಆ ವಿಷಯ ಎತ್ತಲಿಲ್ಲ. ಅವ್ವನೇ ನನಗೆ ಕಲಿಸಿದಳು, ಬೆರಳಿಡದೆ, ನಾಲಿಗೆಯೊಂದನ್ನೇ ಮಡಚಿ. ಬೆರಳಿಟ್ಟು ಹಾಕುವುದು ಕೈ ಖಾಲಿಯಿರುವವರ ಶಿಳ್ಳೆ ಎನ್ನುತ್ತಿದ್ದಳು. ಅವಳ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಯಾವಾಗಲೂ ಒಂದು ಮರಿ.

ನಮ್ಮ ಮನೆಯ ಶಿಳ್ಳೆಯಲ್ಲಿ ಮೂರು ಬಗೆ. ಗಿಡ್ಡದೊಂದು, ನಡೆಯಿರಿ ಎನ್ನಲು. ಜೋಡಿಯಾಗಿ ಎರಡು, ತಿರುಗಿರಿ ಎನ್ನಲು. ಮೂರನೆಯದು ಉದ್ದವಾಗಿ ಎದ್ದು ಕೊನೆಗೆ ಬಾಗುತ್ತದೆ. ಅದನ್ನು ಕೇಳಿದರೆ ಮೇಯುತ್ತಿರುವ ಕುರಿ ಬಾಯಲ್ಲಿದ್ದ ಹುಲ್ಲು ಬಿಟ್ಟು ಬಂದು ಕರೆದವರ ಸುತ್ತ ನಿಲ್ಲಬೇಕು. ಪತ್ರಿಕೆಯ ಹಿರಿಯರಿಗೆ ನಾನು ಹಾಕಿದ್ದು ಈ ಮೂರನೆಯದು. ಇದೇ ಶಿಳ್ಳೆಯಿಂದ ಹೋದ ವರ್ಷ ನಡುರಸ್ತೆಯಲ್ಲಿ ನಮ್ಮ ಮಾನ ಹೋಗಿತ್ತು, ಒಂದು ಮಿಲಿಟರಿ ಲಾರಿಯೂ ಉಳಿದಿತ್ತು. ಆ ಕತೆಯನ್ನೇ ಹೇಳುತ್ತೇನೆ, ನಿಮಗೆ ತುರ್ತು ಕೆಲಸವಿಲ್ಲವಷ್ಟೆ.

ಲಾರಿ ಕೊಂಡವನು ನನ್ನ ತಮ್ಮ ತಿಪ್ಪೇಸ್ವಾಮಿ. ಸೈನ್ಯದವರು ಬಳಸಿ ಬಿಟ್ಟ ದೊಡ್ಡ ಲಾರಿಗಳನ್ನು ಹರಾಜಿನಲ್ಲಿ ಹಿಡಿದು ತಂದು ಹಿರಿಯೂರಿನಾಚೆ ಹೆದ್ದಾರಿ ಪಕ್ಕದ ಬಯಲಲ್ಲಿ ಒಬ್ಬ ವ್ಯಾಪಾರಿ ನಿಲ್ಲಿಸಿಕೊಂಡಿದ್ದ. ತಿಪ್ಪ ಟಗರು ಮಾರಲು ಹೋದವನು ಇವನ್ನು ನೋಡಿದ. ಆರು ದೊಡ್ಡ ಚಕ್ರ, ಎತ್ತರದ ಮೂತಿ, ಹಸಿರು ಬಣ್ಣ, ಹೊಲವಾಗಲಿ ಹಳ್ಳವಾಗಲಿ ಇಳಿದು ಹತ್ತುವ ಗತ್ತು. ನೋಡಿದವನಿಗೆ ಮೂರು ದಿನ ನಿದ್ದೆ ಬರಲಿಲ್ಲವಂತೆ. ನಾಲ್ಕನೆಯ ದಿನ ನನಗೆ ಫೋನು ಮಾಡಿದ.

"ಅಕ್ಕಾ, ಅವ್ವನಿಗೆ ಒಂದು ಬಂಡಿ ತಗಂಡೆ."

ನಾನು ತಳ್ಳುಗಾಡಿಯ ಕುರ್ಚಿಯೇನೋ ಎಂದುಕೊಂಡೆ. ಯಾಕೆಂದರೆ ಅವ್ವನ ಮಂಡಿ ಹೋಗಿ ಎರಡು ವರ್ಷವಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಕುರಿ ಭದ್ರಾ ಬಯಲಿನ ಕಡೆ ಹೊರಡುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ಮೇಯುತ್ತಾ, ರಾತ್ರಿ ಹೊಲದವರ ನೆಲದಲ್ಲಿ ಬೀಡುಬಿಟ್ಟು ಗೊಬ್ಬರ ಕೊಡುತ್ತಾ, ಮಳೆಗಾಲದ ಮುಂಚೆ ತಿರುಗಿ ಬರುತ್ತದೆ. ಅವ್ವ ಮದುವೆಯಾಗಿ ಬಂದ ವರ್ಷದಿಂದ ಒಂದು ಸಲವೂ ತಪ್ಪದೆ ಆ ದಾರಿ ನಡೆದವಳು. ನಾನು ಹುಟ್ಟಿದ್ದೂ ಹಾಗೊಂದು ಬೀಡಿನಲ್ಲಿ. ಯಾವ ಊರಿನ ಗದ್ದೆಯೆಂದು ಕೇಳಿದರೆ ಅವ್ವ ಪ್ರತಿಸಲವೂ ಬೇರೆ ಬೇರೆ ಊರಿನ ಹೆಸರು ಹೇಳುತ್ತಾಳೆ. ಅಂಥವಳು ಎರಡು ವರ್ಷದಿಂದ ಕುರಿ ಹೊರಟ ದಿನ ಹಟ್ಟಿಯ ಅಂಚಿನವರೆಗೆ ಕೋಲೂರಿಕೊಂಡು ಬಂದು ಅಲ್ಲಿಯೇ ನಿಂತುಬಿಡುತ್ತಿದ್ದಳು. ಮೊದಲ ವರ್ಷ ತಿಪ್ಪ ಒಂದು ಮಾತಾಡಿ ಕೆಟ್ಟಿದ್ದ. "ಅವ್ವಾ, ಬಾ, ನಿನ್ನ ಹೊತ್ಕಂಡ್ ಹೋಗ್ತೀನಿ" ಎಂದಿದ್ದ. ಪ್ರೀತಿಯಿಂದಲೇ ಹೇಳಿದ್ದು. ಅವ್ವ, "ಹೊತ್ಕಂಡ್ ಹೋಗಾಕೆ ನಾನೇನು ಗೋಣಿಚೀಲನಾ?" ಎಂದು ಒಳಗೆ ಹೋದವಳು ಅವನು ಹೊರಡುವವರೆಗೆ ಮುಖ ತೋರಿಸಲಿಲ್ಲ.

ಅದಕ್ಕೇ ಲಾರಿ. ಎಳೆಮರಿ, ಕುಂಟು ಕುರಿ, ಕಂಬಳಿ, ಪಾತ್ರೆ, ಜೊತೆಗೆ ಅವ್ವ. ಕುರಿಯ ಹಿಂದೆ ಹೊಲದಲ್ಲೇ ಇಳಿದು ಹೋಗುವ ಬಂಡಿ ಬೇಕೆಂದರೆ ಮಿಲಿಟರಿಯದೇ ಬೇಕು ಎಂಬುದು ತಿಪ್ಪನ ವಾದ. ಕೇಳಿದರೆ ಸರಿಯೆನ್ನಿಸುತ್ತಿತ್ತು. ತಿಪ್ಪನ ಎಲ್ಲ ವಾದಗಳೂ ಕೇಳುವಾಗ ಸರಿಯೆನ್ನಿಸುತ್ತವೆ.

"ಓಡ್ತೈತಾ?" ಎಂದೆ.

"ಓಡಲ್ಲ. ಓಡಂಗ್ ಮಾಡಬಹುದು. ಡೀಸೆಲ್ ಪಂಪು ಹಿಡ್ಕಂಡೈತೆ, ಸಾಮಾನು ಸಿಗಾಕೆ ಟೈಮ್ ಬೇಕು. ಆದ್ರೆ ಆ ವ್ಯಾಪಾರಿ ಜಾಗ ಖಾಲಿ ಮಾಡ್ಬೇಕಂತೆ, ಶನಿವಾರದೊಳಗೆ ತಗಂಡ್ ಹೋಗ್ರಿ ಅಂತಾನೆ. ಎಳ್ಕಂಡು ಬರಾದೇ ಅಕ್ಕ."

ಫೋನಿನ ಈ ತುದಿಯಲ್ಲಿ ನಾನು ಹಣೆ ಚಚ್ಚಿಕೊಂಡೆ. ಎಳೆಯುವುದು ಕಷ್ಟವೆಂದಲ್ಲ. ಎಳೆದು ತಂದದ್ದನ್ನು ಅವ್ವ ಒಪ್ಪುವುದಿಲ್ಲ ಎಂದು.

ಅವ್ವನದೊಂದು ಕಟ್ಟಳೆಯಿದೆ. ಕೊಂಡ ಜೀವ ತನ್ನ ಕಾಲ ಮೇಲೆ ನಡೆದು ಹಟ್ಟಿಯೊಳಗೆ ಬರಬೇಕು. "ಸತ್ತ ದನಾನ ಊರಿಂದ ಆಚೆಗೆ ಎಳೀತಾರೆ. ಊರೊಳಕ್ಕೆ ಏನನ್ನೂ ಎಳ್ಕಂಡು ಬರಬಾರ್ದು" ಎನ್ನುತ್ತಾಳೆ. ಮದಕರಿಪುರದ ಕಡೆಯಿಂದ ಅಪ್ಪ ಒಮ್ಮೆ ಟಗರೊಂದನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದಾಗ ಹಟ್ಟಿಯ ಅಂಚಿನಲ್ಲೇ ಇಳಿಸಿಬಿಟ್ಟಿದ್ದಳು. ಆ ಟಗರಿಗೆ ಆಟೋ ಹಿಡಿಸಿತ್ತೋ ಏನೋ, ನಡೆಯಲು ಒಪ್ಪದೆ ಒಂದು ಗಂಟೆ ಕೂತಿತು. ಅಪ್ಪನೂ ಪಕ್ಕದಲ್ಲಿ ಕೂತರು. ಚಕ್ರ ಇರುವ ವಸ್ತುವಿಗೂ ಇದೇ ಕಾನೂನು. ತಿಪ್ಪ ಹಳೆಯ ಸ್ಕೂಟರೊಂದನ್ನು ಕೊಂಡು, ಪೆಟ್ರೋಲ್ ಮುಗಿದು ತಳ್ಳಿಕೊಂಡು ಬಂದಾಗ, ಅದನ್ನು ಹಟ್ಟಿಯ ಅಂಚಿನ ಹೊಂಗೆಮರದ ಕೆಳಗೆ ನಿಲ್ಲಿಸಿ, ಹೋಗಿ ಪೆಟ್ರೋಲ್ ತಂದು, ಶಬ್ದ ಮಾಡಿಸಿಕೊಂಡು ಒಳಗೆ ತಾ ಎಂದಿದ್ದಳು. ಹಾಗಾದರೆ ಟಿವಿ? ಎಂದು ನಾನೊಮ್ಮೆ ಕೆಣಕಿದೆ. ಟಿವಿಗೆ ಕಾಲೂ ಇಲ್ಲ ಚಕ್ರವೂ ಇಲ್ಲ, ಅದರ ಪಾಪ ಅದಕ್ಕೆ ಎಂದಳು.

"ಅವ್ವನಿಗೆ ಹೇಳಿದೀಯೇನೋ?" ಎಂದು ಕೇಳಿದೆ.

"ಹೇಳ್ದೆ. ಎಳ್ಕಂಡು ತಂದ್ರೆ ನಾನು ಅದನ್ನ ಹತ್ತಾಕಿಲ್ಲ ಅಂದ್ಲು. ತಂದ್ ಮ್ಯಾಲೆ ನೋಡಾಣ. ಅಕ್ಕ, ನಿನ್ ಹತ್ರ ಹೆವಿ ಲೈಸೆನ್ಸ್ ಐತಲ್ಲ?"

ಇತ್ತು. ಓದುಗರೇ, ಗ್ರಂಥಾಲಯದ ಕುರ್ಚಿಯಲ್ಲಿ ಕೂತವಳ ಹತ್ತಿರ ಭಾರಿ ವಾಹನದ ಲೈಸೆನ್ಸ್ ಹೇಗೆ ಬಂತೆಂದರೆ, ನನಗೆ ವಯಸ್ಸಿದ್ದಾಗ ಬಸ್ ಓಡಿಸುವ ಹುಚ್ಚಿತ್ತು. ಹೆಂಗಸರನ್ನೂ ಡ್ರೈವರುಗಳಾಗಿ ತೆಗೆದುಕೊಳ್ಳುತ್ತಾರಂತೆ ಎಂದು ಯಾರೋ ಹೇಳಿದ್ದೇ ಚಿತ್ರದುರ್ಗಕ್ಕೆ ಹೋಗಿ ಲಾರಿ ಕಲಿತು ಲೈಸೆನ್ಸ್ ಮಾಡಿಸಿಕೊಂಡೆ. ಅಷ್ಟರಲ್ಲಿ ಗ್ರಂಥಾಲಯದ ಕೆಲಸ ಸಿಕ್ಕಿತು, ಮದುವೆಯಾಯಿತು. ಬಸ್ಸು ಅಲ್ಲಿಗೇ ಕೆಟ್ಟು ನಿಂತಿತು. ಆದರೆ ಅವಧಿ ಮುಗಿದಾಗಲೆಲ್ಲ ಹಟಕ್ಕೆ ನವೀಕರಿಸುತ್ತಾ ಬಂದಿದ್ದೇನೆ. ಓಡಿಸುವುದು ಮಾತ್ರ ಒಂದು ಪುಟ್ಟ ಕಾರು. ಪಕ್ಕದ ಸೀಟಿನಲ್ಲಿ ನಮ್ಮ ಮನೆಯವರು ಕೂತು ಇಲ್ಲದ ಬ್ರೇಕನ್ನು ಕಾಲಿಂದ ಒತ್ತುತ್ತಿರುತ್ತಾರೆ. ಹಾಗಾಗಿ ತಿಪ್ಪ ಆ ಮಾತು ಕೇಳಿದ ಕೂಡಲೇ ನನ್ನ ಎದೆ ಉಬ್ಬಿತು. ರಜೆ ಚೀಟಿ ಬರೆದೆ, ಕಾರಣದ ಜಾಗದಲ್ಲಿ 'ಕೌಟುಂಬಿಕ' ಎಂದು ಹಾಕಿದೆ.

ಶುಕ್ರವಾರ ಬೆಳಿಗ್ಗೆ ನಾನು ಹಿರಿಯೂರು ತಲುಪುವ ಹೊತ್ತಿಗೆ ಅಲ್ಲಿ ಜಗಳ ನಡೆದಿತ್ತು. ಒಂದು ಕಡೆ ತಿಪ್ಪ, ಅವನು ಬಾಡಿಗೆಗೆ ಹಿಡಿದು ತಂದ ಟ್ರ್ಯಾಕ್ಟರು, ತೋಳು ಗಾತ್ರದ ನೈಲಾನ್ ಹಗ್ಗ. ಇನ್ನೊಂದು ಕಡೆ ಹೊಸದುರ್ಗದ ಮೆಕ್ಯಾನಿಕ್ ಬಾಷಾ ಸಾಬರು. ಬಿಳಿ ಗಡ್ಡ, ಎಣ್ಣೆ ಬಟ್ಟೆ, ಮೆಲು ದನಿ. ಹೆದ್ದಾರಿಯಲ್ಲಿ ಉರುಳಿಬಿದ್ದ ಲಾರಿಗಳನ್ನು ಎತ್ತಿ ಎಳೆಯುವುದರಲ್ಲೇ ಕೂದಲು ನೆರೆಸಿಕೊಂಡವರು. ಅವರು ಟ್ರ್ಯಾಕ್ಟರನ್ನು ಮುಟ್ಟಿಯೂ ನೋಡಲಿಲ್ಲ.

"ಎಳೀತೈತೆ ತಿಪ್ಪೇಶಿ, ನಾನು ಇಲ್ಲ ಅನ್ನಲ್ಲ. ಏರಿನಾಗೆ ಎಳೀತೈತೆ. ಇಳಿಜಾರಿನಾಗೆ ಹಿಂದಿನ ಲಾರಿ ಈ ಟ್ರ್ಯಾಕ್ಟರನ್ನ ಎತ್ತಿ ಒಗೀತೈತೆ. ಎಳಿಯೋದು ಹಗುರ ಇರಬಾರ್ದು. ಮತ್ತೆ ಈ ಹಗ್ಗ..." ಎಂದು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. "ಹಗ್ಗ ಎಳೀತೈತೆ ಅಷ್ಟೆ, ತಡೆಯಲ್ಲ. ನಾನು ಬ್ರೇಕ್ ಹಾಕಿದ್ರೆ ನಿಮ್ಮಕ್ಕ ಬಂದು ನನ್ ಬೆನ್ನಿಗೇ ಗುದ್ದತಾರೆ. ಹಗ್ಗ ಹರಿದ್ರೆ ಚಾಟಿ ಬೀಸಿದಂಗೆ ಬಂದು ಮುಖಕ್ಕೇ ಹೊಡೀತೈತೆ."

ತಿಪ್ಪ ನನ್ನ ಮುಖ ನೋಡಿದ. ನಾನು ಸಾಬರ ಕಡೆ ಸೇರಿಕೊಂಡೆ, ಮುಖ ನನ್ನದು.

ಟ್ರ್ಯಾಕ್ಟರು ವಾಪಸ್ಸು ಹೋಯಿತು. ಸಾಬರು ತಮ್ಮದೇ ಹಳೆಯ ಲಾರಿಗೆ ಅರ್ಧದಷ್ಟು ಸೈಜುಗಲ್ಲು ತುಂಬಿಸಿಕೊಂಡು ಬಂದಿದ್ದರು, ಭಾರಕ್ಕೆ. ಎರಡು ಲಾರಿಗಳ ನಡುವೆ ದಪ್ಪ ಕಬ್ಬಿಣದ ದಂಡವೊಂದನ್ನು ಕೂಡಿಸಿ ಪಿನ್ನು ಜಡಿದರು, ಅದರ ಮೇಲೆ ಎರಡು ಸರಪಳಿಗಳನ್ನು ಅಡ್ಡಡ್ಡ ಬಿಗಿದರು. "ದಂಡ ಕೈ ಕೊಟ್ರೆ ಸರಪಳಿ ಇರ್ಲಿ" ಎಂದರು. ಆಮೇಲೆ ನಮ್ಮ ಲಾರಿಯ ಕೆಳಗೆ ನುಸುಳಿ ಗೇರುಪೆಟ್ಟಿಗೆಯಿಂದ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟುಗಳನ್ನು, ಹಿಂದಿನದು ಮುಂದಿನದು ಎರಡನ್ನೂ, ಬಿಚ್ಚಿ ತೆಗೆದರು. ಹಾಗೆ ತೆಗೆಯದಿದ್ದರೆ ಎಂಜಿನ್ ನಿಂತಿದ್ದರೂ ಗೇರುಪೆಟ್ಟಿಗೆ ಸುಮ್ಮನೆ ತಿರುಗಿ ತಿರುಗಿ ಎಣ್ಣೆಯಿಲ್ಲದೆ ಸವೆದು ಹೋಗುತ್ತದಂತೆ. ಕೊನೆಗೆ ಮುಂದಿನ ಲಾರಿಯ ಗಾಳಿ ಟ್ಯಾಂಕಿನಿಂದ ಒಂದು ಪೈಪು ಎಳೆದು ನಮ್ಮದಕ್ಕೆ ಸಿಕ್ಕಿಸಿದರು.

"ಬ್ರೇಕಿಗೆ ಗಾಳಿ ಬೇಕು, ಗಾಳಿಗೆ ಎಂಜಿನ್ ಬೇಕು. ನಿಮ್ಮ ಎಂಜಿನ್ ಮಲಗೈತೆ, ಅದಕ್ಕೆ ನನ್ ಗಾಳಿ ನಿಮಗೆ ಕೊಡ್ತೀನಿ. ಈಗ ನಿಮ್ ಕಾಲಾಗೆ ಬ್ರೇಕ್ ಐತೆ ಅಕ್ಕಾರೆ. ಆರಾಮಾಗಿ ಬರ್ರಿ, ಜಲ್ದಿ ಬ್ಯಾಡ. ಕೈ ಎರಡೂ ಸ್ಟೀರಿಂಗ್ ಮ್ಯಾಲೇ ಇರಬೇಕು. ಫೋನ್ ಮುಟ್ಟಂಗಿಲ್ಲ."

ಫೋನ್ ಮುಟ್ಟಬಾರದೆಂದರೆ ಹಿಂದಿನ ಲಾರಿಯವಳು ಮುಂದಿನವರಿಗೆ ಸುದ್ದಿ ಮುಟ್ಟಿಸುವುದು ಹೇಗೆ? ನಮ್ಮ ಲಾರಿಯ ಹಾರ್ನ್ ಸತ್ತಿತ್ತು. ಕಿಟಕಿಯಿಂದ ಕೆಂಪು ಟವೆಲ್ ಬೀಸಿ ಎಂದರು ಸಾಬರು. ಟವೆಲ್ಲಿಗೂ ಕೈ ಬೇಕಲ್ಲ ಎಂದೆ. ಆಗ ತಿಪ್ಪ ಮುಗುಳ್ನಕ್ಕು, "ಅಕ್ಕಾ, ಶಿಳ್ಳೆ" ಎಂದ. ಎಂಥ ಬುದ್ಧಿವಂತಿಕೆ ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡೆವು. ಅವನು ಮುಂದಿನ ಲಾರಿಯಲ್ಲಿ ಸಾಬರ ಪಕ್ಕ ಕೂತು ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಿರಬೇಕು. ಅವನು ಗಿಡ್ಡ ಶಿಳ್ಳೆ ಹಾಕಿದರೆ ನಾನು ಬ್ರೇಕಿನ ಮೇಲೆ ಕಾಲಿಡಬೇಕು. ನನಗೇನಾದರೂ ಅನುಮಾನ ಬಂದರೆ ನಾನು ಉದ್ದ ಶಿಳ್ಳೆ ಹಾಕಬೇಕು, ಅವರು ನಿಲ್ಲಿಸಬೇಕು. ಕುರಿಗೆ ಸಾಲುವ ಭಾಷೆ ನಮಗೆ ಸಾಲದೇ ಎಂದುಕೊಂಡೆವು.

ಕ್ಯಾಬಿನ್ ಹತ್ತಿ ಕೂತೆ. ಬಾಗಿಲ ಒಳಬದಿಯಲ್ಲಿ ಯಾವನೋ ಸೈನಿಕ ಮೊಳೆಯಿಂದ ಗೀಚಿದ ಗೆರೆಗಳಿದ್ದವು, ನಾಲ್ಕು ಉದ್ದ, ಒಂದು ಅಡ್ಡ, ಹೀಗೆ ಕಟ್ಟುಕಟ್ಟಾಗಿ. ರಜೆಗೆ ಎಷ್ಟು ದಿನ ಉಳಿಯಿತೆಂದು ಎಣಿಸಿರಬೇಕು. ಕೊನೆಯ ಕಟ್ಟು ಅರ್ಧಕ್ಕೇ ನಿಂತಿತ್ತು. ಊರಿಗೆ ಹೋಗಿರುತ್ತಾನೆ ಎಂದು ನಾನೇ ತೀರ್ಮಾನಿಸಿ ಸಮಾಧಾನಪಟ್ಟುಕೊಂಡೆ.

ಹೊರಟೆವು. ಎಂಜಿನ್ ಸದ್ದಿಲ್ಲದ ಲಾರಿಯಲ್ಲಿ ಕೂತು ಸಾಗುವುದು ವಿಚಿತ್ರ ಅನುಭವ. ಟೈರಿನ ಸದ್ದು, ಸರಪಳಿಯ ಸದ್ದು, ಹಕ್ಕಿಯ ಕೂಗು ಸಹ ಕೇಳುತ್ತದೆ. ಸ್ಟೀರಿಂಗ್ ಮಾತ್ರ ರುಬ್ಬುಗುಂಡು ತಿರುಗಿಸಿದಷ್ಟು ಭಾರ. ಮೊದಲ ತಿರುವಿನಲ್ಲೇ ನನಗೆ ಒಂದು ಸಂಗತಿ ಅರ್ಥವಾಯಿತು: ಮುಂದಿನ ಲಾರಿ ಹೋದ ಹಾಗೆ ಹಿಂದಿನದು ಹೋಗುವುದಿಲ್ಲ. ಸುಮ್ಮನೆ ಬಿಟ್ಟರೆ ಅಡ್ಡಹಾದಿ ಹಿಡಿದು ರಸ್ತೆಯ ಒಳಅಂಚಿಗೆ ಕತ್ತರಿಸುತ್ತದೆ. ನಾನು ಅದನ್ನು ಹೊರಕ್ಕೆ ಹಿಡಿದು, ಸಾಬರ ಲಾರಿಯ ಹಿಂದಿನ ಚಕ್ರ ಎಲ್ಲಿ ಹೋಯಿತೋ ಅಲ್ಲಿಗೇ ತಂದು ಕೂರಿಸಬೇಕಿತ್ತು. ಮೂರು ತಿರುವಿಗೆ ಕುಪ್ಪಸ ಬೆವರಿನಿಂದ ಒದ್ದೆಯಾಯಿತು.

ನಮ್ಮ ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂಲಿಗೆ ಹೊರಟ ಹೆಂಗಸರಿದ್ದ ಲಗೇಜ್ ಆಟೋವೊಂದು ನಮ್ಮನ್ನು ದಾಟಿತು. ಅವರಲ್ಲೊಬ್ಬಳು ನನ್ನನ್ನು ನೋಡಿ ಅಯ್ಯೋ ಪಾಪ ಎಂಬಂತೆ, "ಏನಕ್ಕಾ, ಕೆಟ್ಟೋಯ್ತಾ?" ಎಂದಳು. "ಇಲ್ಲವ್ವ, ಹೊಸದು, ಈಗ ತಗಂಡಿದ್ದು" ಎಂದೆ. ಇಡೀ ಆಟೋ ನಗುತ್ತಾ ಹೋಯಿತು. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳು ತಿರುಗುತ್ತಿದ್ದವು. ಅವೂ ನಮಗಿಂತ ಜೋರಾಗಿ ತಿರುಗುತ್ತಿವೆ ಎನ್ನಿಸಿತು.

ಪ್ರತಿ ಐದಾರು ಮೈಲಿಗೊಮ್ಮೆ ಸಾಬರು ನಿಲ್ಲಿಸಿ ಇಳಿದು ಬಂದು, ಪಿನ್ನು, ಸರಪಳಿ, ಪೈಪು ನೋಡಿ, ಆರೂ ಚಕ್ರಗಳ ನಡುವಿಗೆ ಅಂಗೈ ಒತ್ತುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿರುತ್ತಿತ್ತು. "ತಣ್ಣಗೈತೆ, ಹೋಗಾಣ" ಎಂದು ಮತ್ತೆ ಹತ್ತುತ್ತಿದ್ದರು. ಎರಡು ಸಲ ಹೀಗಾದ ಮೇಲೆ ತಿಪ್ಪನಿಗೆ ಬೇಸರ ಬಂತು. "ಹಿಂಗೇ ಮೈ ಸವರ್ತಾ ಕುಂತ್ರೆ ಊರು ಸೇರಾದು ಯಾವಾಗ ಸಾಬ್ರೆ?" ಎಂದ. ಸಾಬರು, "ಕತ್ತಲಾದ್ರೆ ಎಲ್ಲಿರ್ತೀವೋ ಅಲ್ಲೇ ಮಲಗಾದು. ಕತ್ತಲಾಗೆ ನಾನು ಎಳೆಯಲ್ಲ" ಎಂದು ಹೇಳಿ ಹತ್ತಿದರು. ತಿಪ್ಪನಿಗೆ ಅವಸರ ಯಾಕೆಂದು ನನಗೆ ಗೊತ್ತಿತ್ತು. ಅವನಿಗೆ ಬೇಗ ಹೋಗಿ ಅವ್ವನ ಮುಖ ನೋಡಬೇಕಿತ್ತು. ಆ ಮುಖ ಏನು ಹೇಳುತ್ತದೋ ಎಂಬ ಹೆದರಿಕೆಯನ್ನು ಬೇಗ ಮುಗಿಸಿಕೊಳ್ಳಬೇಕಿತ್ತು.

ಒಂದು ಏರು ಹತ್ತಿ ಇಳಿದ ಮೇಲೆ ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ರಬ್ಬರೋ ಬಟ್ಟೆಯೋ ಸುಟ್ಟಂತೆ. ಹೊರಗಿನದಿರಬೇಕು ಎಂದುಕೊಂಡೆ. ವಾಸನೆ ಹೆಚ್ಚಾಯಿತು. ಆಗ ನಾಲಿಗೆ ಮಡಚಿ, ಉದ್ದಕ್ಕೆ, ಕೊನೆಯಲ್ಲಿ ಬಾಗಿಸಿ, ಅವ್ವ ಕಲಿಸಿದ ಹಾಗೆ ಶಿಳ್ಳೆ ಹಾಕಿದೆ.

ಮುಂದಿನ ಲಾರಿ ನಿಧಾನವಾಯಿತು. ನಾನು ಬ್ರೇಕ್ ಒತ್ತಿದೆ. ಎಲ್ಲ ನಾವು ಮಾತಾಡಿಕೊಂಡಂತೆಯೇ ನಡೆಯಿತು. ನಾವು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಒಂದೇ: ಇದು ಕುರಿಯ ಸೀಮೆ. ಎಡಗಡೆಯ ಹೊಲದಲ್ಲಿ ಇನ್ನೂರಕ್ಕೆ ಕಡಿಮೆಯಿಲ್ಲದ ಕುರಿಗಳು ಮೇಯುತ್ತಿದ್ದವು. ಅವೆಲ್ಲ ಒಟ್ಟಿಗೆ ತಲೆಯೆತ್ತಿದವು. ಆಮೇಲೆ ಒಟ್ಟಿಗೆ ಹೊರಟವು. ಚರಂಡಿ ಹಾರಿ, ರಸ್ತೆಗೆ ಬಂದು, ಎರಡೂ ಲಾರಿಗಳನ್ನು ಸುತ್ತುವರಿದು, ಕರೆದವಳು ಯಾರೆಂದು ಮೇಲೆ ನೋಡುತ್ತಾ ನಿಂತವು. ಸರಪಳಿಯ ಕೆಳಗೆ ಕುರಿ, ಚಕ್ರದ ಸಂದಿಯಲ್ಲಿ ಕುರಿ. ಹಿಂದೆ ಬಂದ ಬಸ್ಸು ನಿಂತಿತು, ಮುಂದಿನಿಂದ ಬಂದ ಕಾರು ನಿಂತಿತು. ಎಲ್ಲರೂ ಹಾರ್ನ್ ಹೊಡೆದರು, ಕುರಿಗಳು ಕದಲಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಕುರಿ ಮೇಯುವ ಜಾಗದಲ್ಲಿ, ಕುರಿ ಕರೆಯುವ ಶಿಳ್ಳೆಯನ್ನೇ ಗುಟ್ಟಿನ ಸಂಕೇತವೆಂದು ಇಟ್ಟುಕೊಂಡ ಅಕ್ಕ ತಮ್ಮಂದಿರನ್ನು ನೀವು ಬೇರೆಲ್ಲೂ ನೋಡಿರಲಿಕ್ಕಿಲ್ಲ.

ಹೊಲದಿಂದ ಕಂಬಳಿ ಹೊದ್ದ ಮುದುಕನೊಬ್ಬ ಕೋಲು ಬೀಸುತ್ತಾ ಬಂದ. ಯಲ್ಲದಕೆರೆ ಕಡೆಯವನೆಂದು ಆಮೇಲೆ ತಿಳಿಯಿತು.

"ಯಾರವ್ವ ನೀನು, ನನ್ ಕುರಿ ಕರೆಯಾಕೆ?"

"ನಿಮ್ ಕುರಿನ ಕರೀಲಿಲ್ಲಜ್ಜ, ಲಾರಿನ ಕರೆದೆ" ಎಂದೆ.

ಅವನು ನನ್ನನ್ನೂ ಲಾರಿಯನ್ನೂ ನೋಡಿ, ನನ್ನ ತಲೆ ಸರಿಯಿದೆಯೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಯೋಚಿಸಿದ.

ಅಷ್ಟರಲ್ಲಿ ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದ ಸಾಬರು ಹಿಂದಿನ ಎಡಚಕ್ರ ಮುಟ್ಟಿ ಕೈ ಹಿಂದೆ ಎಳೆದುಕೊಂಡರು. ಒಳಗೆ ಬ್ರೇಕು ಕಚ್ಚಿಕೊಂಡೇ ಉಳಿದು ಚಕ್ರ ಕಾದು ಹೋಗಿತ್ತು. ಇನ್ನೆರಡು ಮೈಲಿ ಹೋಗಿದ್ದರೆ ಟೈರಿಗೆ ಬೆಂಕಿ ಹತ್ತುತ್ತಿತ್ತು ಎಂದರು. ತಿಪ್ಪನ ಮುಖ ಬೆಳ್ಳಗಾಯಿತು. ಸಾಬರು ಕೆಳಗೆ ನುಸುಳಿ ಅದನ್ನು ಸಡಿಲಿಸಿದರು. ನೀರು ಹಾಕೋಣವೇ ಎಂದ ತಿಪ್ಪನಿಗೆ, ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದರೆ ಸೀಳುತ್ತದೆ, ತಾನೇ ಆರಲಿ ಎಂದರು.

ಆರುವವರೆಗೆ ಮುದುಕನ ಜೊತೆ ರಸ್ತೆ ಪಕ್ಕ ಕೂತೆವು. ಅವನ ಸಿಟ್ಟು ಇಳಿದಿತ್ತು. "ಆ ಶಿಳ್ಳೆ ನಾನು ಕೇಳಿದೀನಿ" ಎಂದ. "ಮತ್ತೋಡು ಕಡೆ ಓಬಮ್ಮ ಅಂತ ಒಬ್ಳು ಹಾಕೋಳು. ಬಯಲಿಗೆ ಹೋದಾಗ ಅವಳ ಬೀಡೂ ನನ್ ಬೀಡೂ ಎದುರುಬದುರು ಬೀಳಾದು. ನನ್ ಕುರಿ ಎಷ್ಟೋ ಸಲ ಅವಳ ಶಿಳ್ಳೆಗೆ ಓಡೋಗವೆ."

"ನಮ್ಮವ್ವ" ಎಂದ ತಿಪ್ಪ.

ಮುದುಕ ಕೇಳಿದ: "ಎರಡು ವರ್ಷ ಆತು ಕಂಡು. ಇದಾಳಾ?"

ದಾರಿಯಲ್ಲಿ ಕಾಣದೆ ಹೋದ ಕೂಡಲೇ ದಾರಿಯವರ ಲೆಕ್ಕದಲ್ಲಿ ಅವ್ವ ಇಲ್ಲವಾಗಿದ್ದಳು. ತಿಪ್ಪ ದನಿ ಎತ್ತರಿಸಿ, "ಇದಾಳೆ ಅಜ್ಜ. ಈ ಸಲ ಬರ್ತಾಳೆ" ಎಂದ. ಅವ್ವನನ್ನು ಕೇಳದೆ ಕೊಟ್ಟ ಮಾತು. ಅದು ಅವನಿಗೂ ಗೊತ್ತಿತ್ತು. ಆಮೇಲೆ ಹಟ್ಟಿ ಬರುವವರೆಗೆ ಅವನು ತಲೆ ಹೊರಗೆ ಹಾಕಿದ್ದರೂ ನನ್ನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ. ಮುದುಕ ಕುರಿ ಬಿಡಿಸಿಕೊಂಡು ಹೋದ. ಉಳಿದ ದಾರಿಗೆ ಬೇರೆ ಸಂಕೇತ ಮಾಡಿಕೊಂಡೆವು, ಬಾಗಿಲಿಗೆ ತಟ್ಟೆಯೊಂದನ್ನು ತೂಗುಹಾಕಿ ಮೊಣಕೈಯಿಂದ ಬಡಿಯುವುದು. ಸೊಗಸಿರಲಿಲ್ಲ, ಆದರೆ ಯಾವ ಪ್ರಾಣಿಯೂ ಬರಲಿಲ್ಲ.

ಹಟ್ಟಿಯ ಅಂಚು ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಅವ್ವ ಹೊಂಗೆಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ. ಸಾಬರು ಲಾರಿ ನಿಲ್ಲಿಸಿದರು. ಅಲ್ಲಿಂದ ನಮ್ಮ ಮನೆಯವರೆಗೆ ಸಣ್ಣ ಇಳಿಜಾರು.

ತಿಪ್ಪ ಇಳಿದವನೇ ಸಾಬರ ಕಿವಿಯ ಬಳಿ ಹೋದ. ನನಗೂ ಕೇಳಿಸಿತು. "ಸಾಬ್ರೆ, ದಂಡ ಬಿಚ್ಚಿಬಿಡಾಣ. ಇಳಿಜಾರೈತೆ. ಅದರ ಪಾಡಿಗೆ ಅದು ಉರುಳ್ಕಂಡು ಮನೆ ಮುಂದೆ ಹೋಗಿ ನಿಲ್ತೈತೆ. ಎಳ್ಕಂಡು ಬಂದಂಗಾಗಲ್ಲ."

"ದಂಡದ ಜೊತೆ ನನ್ ಗಾಳೀನೂ ಹೋಗ್ತೈತೆ" ಎಂದರು ಸಾಬರು. "ಗಾಳಿ ಇಲ್ದಿದ್ರೆ ಬ್ರೇಕ್ ಇಲ್ಲ. ಮುಂದೆ ಮನೆ ಅವೆ, ಅಂಗಳದಾಗೆ ಮಕ್ಕಳು ಅವೆ. ನಾನು ಬಿಚ್ಚಲ್ಲ ತಿಪ್ಪೇಶಿ. ಬೇಕಾದ್ರೆ ಲಾರಿ ಇಲ್ಲೇ ಇರ್ಲಿ."

ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ತಿಪ್ಪನ ಮಾತು ಸರಿಯೆನ್ನಿಸಿತ್ತು. ಅಷ್ಟು ದೂರ ಜೋಪಾನವಾಗಿ ಬಂದು ಕೊನೆಯ ಇನ್ನೂರು ಹೆಜ್ಜೆಗೆ ಎಲ್ಲ ಬಿಟ್ಟುಕೊಡಲು ಸಿದ್ಧಳಾಗಿದ್ದೆ, ಅವ್ವ ಹತ್ತಿದರೆ ಸಾಕು ಎಂದು. ಸಾಬರು ಜಗ್ಗಲಿಲ್ಲ.

ಅವ್ವ ಕೋಲೂರಿಕೊಂಡು ಎದ್ದಳು. ಲಾರಿಯ ಸುತ್ತ ಒಂದು ಸುತ್ತು ಬಂದಳು. ಕೊಳ್ಳುವ ಮುಂಚೆ ಟಗರನ್ನು ನೋಡುವಂತೆ ನೋಡಿದಳು. ದಂಡ ಮುಟ್ಟಿದಳು, ಸರಪಳಿ ಮುಟ್ಟಿದಳು. ತಿಪ್ಪ ಟವೆಲ್ ಹಿಂಡುತ್ತಾ ನಿಂತಿದ್ದ. ಅವಳು ನನ್ನ ಬಾಗಿಲ ಹತ್ತಿರ ಬಂದು ಮೇಲೆ ನೋಡಿದಳು.

"ಗಂಗಿ, ಇದರ ಎಂಜಿನ್ ನಡೆಯಲ್ಲ ಅಂದ್ ಮ್ಯಾಲೆ ನೀನ್ಯಾಕೆ ಒಳಗೆ ಕುಂತಿದೀಯ?"

"ಸ್ಟೀರಿಂಗ್ ತಿರುಗಿಸಾಕೆ ಅವ್ವ."

"ಮುಂದಿಂದು ಹೋದಂಗೆ ಇದು ಹೋಗಲ್ವಾ?"

"ಹೋಗಲ್ಲ. ತಿರುವಿನಾಗೆ ಬಿಟ್ರೆ ಚರಂಡಿಗೆ ಹೋಗ್ತೈತೆ. ಇಳಿಜಾರಿನಾಗೆ ಮುಂದಿಂದನ್ನೇ ತಳ್ಳತೈತೆ. ನಾನು ಹಿಂದಿಂದ ಹಿಡ್ಕಂಡಿರಬೇಕು. ಬ್ರೇಕೂ ಹಾಕ್ಬೇಕು."

"ಬೆಳಿಗ್ಗಿಂದ ಹಂಗೇ ಹಿಡ್ಕಂಡಿದೀಯಾ?"

ನಾನು ಅಂಗೈ ತೋರಿಸಿದೆ. ಬೊಬ್ಬೆ ಎದ್ದಿದ್ದವು.

"ನೀನು ಸುಮ್ನೆ ಕುಂತಿದ್ರೆ ಏನಾಗ್ತಿತ್ತು?"

"ಎಳಿಯೋರೂ ಎಳೆಸ್ಕಳೋರೂ ಇಬ್ರೂ ಹಳ್ಳಕ್ಕೆ ಬೀಳ್ತಿದ್ವಿ."

ಅವ್ವ ನನ್ನ ಅಂಗೈಯ ಬೊಬ್ಬೆಗಳನ್ನೇ ನೋಡಿದಳು. ಅವಳು ಲಾರಿಯ ಬಗ್ಗೆ ಕೇಳುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ಎರಡು ವರ್ಷದಿಂದ ನಾವು ಅವಳಿಗೆ ಹೇಳುತ್ತಾ ಬಂದದ್ದೆಲ್ಲ ಒಂದೇ ಮಾತು: ನೀನು ಸುಮ್ಮನೆ ಕೂತಿರು, ನಾವಿದ್ದೇವೆ. ಅದು ಎಂಥ ಮಾತೆಂದು ನಮಗೆ ಗೊತ್ತೇ ಇರಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡು ಮುಂದೆ ನೋಡಿದೆ.

"ಹಂಗಾದ್ರೆ ಇದು ಎಳ್ಕಂಡು ಬಂದಿದ್ದಲ್ಲ ಬಿಡು" ಎಂದಳು ಅವ್ವ. "ಕೂಡ್ಕಂಡು ಬಂದಿದ್ದು."

ಆಮೇಲೆ ಆ ಕಡೆ ಸುತ್ತಿ ಬಂದು ಬಾಗಿಲು ತೆಗೆಸಿದಳು. ಮೆಟ್ಟಿಲು ಎತ್ತರವಿತ್ತು. ತಿಪ್ಪ ಕೈ ಚಾಚಿದ. ಅವ್ವ ಕೋಲನ್ನು ಅವನ ಕೈಗೆ ಕೊಟ್ಟು, ಕಂಬಿ ಹಿಡಿದು, ಒಂದು ಮಂಡಿ, ಉಸಿರು, ಇನ್ನೊಂದು ಮಂಡಿ, ಹೀಗೆ ತಾನೇ ಹತ್ತಿದಳು. ಬಹಳ ಹೊತ್ತು ಹಿಡಿಯಿತು. ನಾವು ಮೂವರೂ ಅಲುಗಾಡದೆ ನೋಡಿದೆವು. ಕೂತವಳು ಸೀರೆ ಸರಿಮಾಡಿಕೊಂಡು ಕಿಟಕಿಯಿಂದ ಕೆಳಗೆ ನೋಡಿದಳು.

"ತಿಪ್ಪಾ, ಈ ಸಲ ನಾನೂ ಬರ್ತೀನಿ. ಮರಿ ನೋಡ್ಕಳಾದು, ಕುಂಟು ಕುರಿ ನೋಡ್ಕಳಾದು ನನ್ ಕೆಲಸ. ಅದ್ರಾಗೆ ಯಾರೂ ಕೈ ಹಾಕಂಗಿಲ್ಲ."

"ಹ್ಞೂ ಅವ್ವ" ಎಂದ ತಿಪ್ಪ. ಲಾರಿಯ ಆ ಬದಿಗೆ ಹೋಗಿ ನಿಂತುಕೊಂಡ. ಸಾಬರು ಆಗಲೇ ನೋಡಿ ಆಗಿದ್ದ ಪಿನ್ನನ್ನು ಮತ್ತೊಮ್ಮೆ ನೋಡುತ್ತಾ ಅವನಿಗೆ ಸಾಕಷ್ಟು ಸಮಯ ಕೊಟ್ಟರು. ಕೊನೆಗೆ ತಮ್ಮ ಲಾರಿ ಹತ್ತಿ ಕಿಟಕಿಯಿಂದ ತಲೆ ಹಾಕಿ ನನ್ನನ್ನು ಕೇಳಿದರು, "ಅಕ್ಕಾರೆ, ಹೋಗಾಣ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟಳು. "ತಡೀರಿ" ಎಂದಳು. ನನ್ನ ಕಡೆ ತಿರುಗಿ, ನನ್ನ ಕಾಲಿನತ್ತ ಬಗ್ಗಿ ನೋಡಿ ಕೇಳಿದಳು:

"ಬ್ರೇಕ್ ಯಾವುದು, ಮೊದ್ಲು ನನಗೆ ತೋರ್ಸು."